ತಡೆದಿಟ್ಟ ಸಹಿ

“ಮೇಡಂ, ನಾ ಈ ಕೋರ್ಸ್ ಬಿಡತೇನ್ರಿ,” ಎಂದ ಸದಾಶಿವ.

ನಾನು ಮುಂದಿದ್ದ ಫೈಲು ಮುಚ್ಚಿದೆ. “ಯಾಕ್ರಿ? ಏನಾತು?”

“ಮಂದಿ ದುಃಖ ಕೇಳಾಕ ನಾ ಲಾಯಕ್ ಇಲ್ಲ ಅನಸೇತಿ. ಐವತ್ತು ತಾಸು ಮುಗದು ಮೂರು ವಾರ ಆತು. ನೀವು ಇನ್ನೂ ಸಹಿ ಮಾಡವಲ್ರಿ.”

ನಾನು ನೀಲಾ. ಬೈಲಹೊಂಗಲದ ಈ ಆಪ್ತಸಮಾಲೋಚನಾ ಕೇಂದ್ರದಲ್ಲಿ ಕಲಿಯಲು ಬರುವವರಿಗೆ ಮೇಲ್ವಿಚಾರಕಿ. ಐವತ್ತು ತಾಸು ನನ್ನೆದುರು ಕುಳಿತು ತಮ್ಮ ಕೆಲಸ ಒಪ್ಪಿಸಿದ ಮೇಲೆ ನಾನು ಸಹಿ ಹಾಕಬೇಕು. ಅದಾದರೆ ಅವರು ಸ್ವತಂತ್ರವಾಗಿ ಸಮಾಲೋಚನೆ ನಡೆಸಬಹುದು.

ಗುರುವಾರ ಬಂತೆಂದರೆ ಇವನು ಮುನವಳ್ಳಿ ಬಸ್ಸಿಳಿದು ಬರುತ್ತಿದ್ದ. ಯೋಚಿಸುವಾಗ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸುವನು, ಬರಿಗಣ್ಣಲ್ಲೇ ನನ್ನತ್ತ ನೋಡುವನು.

“ಕಾಣಸ್ತೇನೇನ್ರಿ ನಾ?”

“ಮಸಕ್ ಮಸಕ್ ಕಾಣಸ್ತೀರಿ. ಆದ್ರೂ ಚಲೋ ಕಾಣಸ್ತೀರಿ.”

ಹಾಳಾದ ಮನಸ್ಸು! ಮೂವತ್ತಾರರ ಹೆಂಗಸು ನಾನು, ಗುರುವಾರಕ್ಕೆಂದೇ ಸೀರೆ ಎತ್ತಿಡತೊಡಗಿದೆ.

ಮೂರು ವಾರದ ಹಿಂದೆ, ತಾಸುಗಳು ಮುಗಿದ ದಿನ, ಸಹಿಗೆಂದು ಪೆನ್ನು ಹಿಡಿದಿದ್ದೆ. ಇನ್ನು ಇವನು ಬರುವುದಿಲ್ಲ ಎಂಬುದು ಹೊಳೆಯಿತು. “ನೀವು ಕೇಳೂದರಾಗ ಇನ್ನೂ ಕಸರು ಐತಿ, ಕಡಿಮಿ ಬೀಳತೈತಿ” ಎಂದುಬಿಟ್ಟೆ. ಹಸಿ ಸುಳ್ಳು. ಗಡಿ ದಾಟಬೇಡಿ ಎಂದು ಎಲ್ಲರಿಗೂ ಪಾಠ ಹೇಳುವವಳು ನಾನೇ. ಥೂ, ನನ್ನ ಜನ್ಮಕ್ಕಿಷ್ಟು!

“ಕಸರು ನಿಮ್ಮಾಗ ಇಲ್ರಿ, ನನ್ನಾಗ ಐತಿ,” ಎಂದೆ ಈಗ. ತಲೆ ಎತ್ತಲಾಗಲಿಲ್ಲ. “ನೀವು ಬರೂದು ನಿಂತೀತು ಅಂತ ಸಹಿ ತಡದೆ. ನಿಮ್ಮ ಮ್ಯಾಲೆ ನನಗ ಮನಸಾಗೇತಿ. ನಾ ಮಾಡಿದ್ದು ಭಾಳ ಕೆಟ್ಟದ್ದು.”

ಸಿಟ್ಟಿಗೆ ಅವನ ಮುಖ ಕೆಂಪಾಯಿತು. “ಮೂರು ವಾರ ನನ್ನ ನಾನ ಬೈಕೊಂಡೇನ್ರಿ. ನಿನ್ನ ಮಗಾ ದಡ್ಡ ಅದಾನ ಅಂತ ಅವ್ವನ ಮುಂದ ಹೇಳೇನಿ.”

ನಾಚಿಕೆಯಿಂದ ಸಾಯುವಂತಾಯಿತು. ಹಾಳೆ ಎಳೆದುಕೊಂಡು ಪೆನ್ನು ತೆಗೆದೆ. ಅವನು ಹಾಳೆಯ ಮೇಲೆ ಅಂಗೈ ಇಟ್ಟ.

“ಬ್ಯಾಡ್ರಿ. ಈಗ ಸಹಿ ಮಾಡಿದ್ರ, ಕೆಲಸಕ್ಕ ಮಾಡೀರೋ ಪ್ರೀತಿಗೆ ಮಾಡೀರೋ, ನನಗ ಹೆಂಗ ತಿಳೀಬೇಕು?”

ಪೆನ್ನು ಕೆಳಗಿಟ್ಟೆ. ನನ್ನ ಮೇಲಿನವರು ಕಿತ್ತೂರಿನ ಭಾಗ್ಯಾ ಮೇಡಂ. ಅವನೆದುರೇ ಅವರಿಗೆ ಫೋನು ಹಚ್ಚಿ, ಒಂದೂ ಬಿಡದೆ ಹೇಳಿದೆ. ಇನ್ನು ಅವನ ಕೆಲಸ ನೋಡಿ ಸಹಿ ಹಾಕುವುದು ಅವರದು ಎಂದಾಯಿತು. ನನ್ನ ತಪ್ಪಿನ ವಿಚಾರಣೆಯೂ.

ಬಾಗಿಲಲ್ಲಿ ನಿಂತು ಅವನೆಂದ: “ನನಗೂ ಗುರುವಾರ ಅಂದ್ರ ಹಬ್ಬ ಇದ್ದಂಗ ಇತ್ರಿ. ಆದ್ರ ಈಗ ಸಿಟ್ಟು ಬಂದೇತಿ. ಸಿಟ್ಟು ಇಳದ್ರ ನಾನ ಫೋನ್ ಹಚ್ಚತೇನಿ. ನೀವು ಹಚ್ಚಬ್ಯಾಡ್ರಿ.”

“ಹೂಂ ರೀ. ಹಚ್ಚೂದಿಲ್ಲ.”

ಅವನು ಬಸ್ ಸ್ಟ್ಯಾಂಡಿನ ದಾರಿ ಹಿಡಿದ. ಕಿಟಕಿಗೆ ಹೋಗಿ ನೋಡಬೇಕೆಂದು ಜೀವ ಒದ್ದಾಡಿತು. ಕುರ್ಚಿಯಿಂದ ಏಳಲಿಲ್ಲ.