ಕುಲ ಗೊತ್ತಿಲ್ಲದವರ ಕಪಾಟು

ಹೇಮಲತಾ ಮೂಗಿಗೆ ಸೆರಗು ಸುತ್ತಿಕೊಂಡು ಗಾಜಿನ ಜಾಡಿಗೆ ಫಾರ್ಮಲಿನ್ ಸುರಿಯುತ್ತಿದ್ದಳು. ಪ್ರಾಣಿಗಳ ದೇಹ ಕೆಡದಂತೆ ಆರಿದಷ್ಟು ದ್ರವ ಮತ್ತೆ ತುಂಬಿಸುವುದು, ಮುಚ್ಚಳಕ್ಕೆ ಮೇಣ ಹಚ್ಚುವುದು... ಮಹಾಲ್‌ನ ಕಾಲೇಜಿನ ಪ್ರಾಣಿ ಸಂಗ್ರಹಾಲಯದಲ್ಲಿ ಅದು ಅವಳ ಸೋಮವಾರದ ಕೆಲಸ.

ಪ್ರತಿ ಜಾಡಿಯ ಮೇಲೂ ಮೊದಲು ಇಲ್ಲೇ ಕೆಲಸಕ್ಕಿದ್ದ ವಾದಿರಾಜನ ಅಕ್ಷರ. ಮೂರು ವರ್ಷದ ಹಿಂದೆ ಅವಳ ಪಕ್ಕದಲ್ಲೇ ಕೂತು ಬರೆದ ಚೀಟಿಗಳು. ಒರೆಸಿದಷ್ಟೂ ಅವು ಅವಳನ್ನೇ ನೋಡುತ್ತಿದ್ದವು!

ಅವಳಿಗೆ ಮಾತ್ರ ಕೇಳುವ ಒಂದು ದನಿಯೂ ಅಲ್ಲಿತ್ತು. ತೀರಿಕೊಂಡು ವರ್ಷವಾದ ಅಪ್ಪ ಲಕ್ಷ್ಮೀಕಾಂತರದು. ಕಪಾಟುಗಳ ಸಂದಿನಿಂದ ಅದೇ ಮಾತು...

'ಅಣ್ಣಾ ಅನ್ನು, ಹೇಮಾ. ಎಲ್ಲಾರಿಗೂ ಕೇಳೋ ಹಂಗ ಅನ್ನು.'

ಆ ಚೀಟಿ ಬರೆದ ವರ್ಷವೇ ವಾದಿರಾಜ ಹೆಣ್ಣು ಕೇಳಲು ಮನೆಗೆ ಬಂದಿದ್ದ. ಅಪ್ಪ ಮೊದಲು ಕೇಳಿದ್ದೇ ಗೋತ್ರ. "ಕಾಶ್ಯಪ" ಎಂದ ಅವನು. ಇವರದೂ ಅದೇ! ಒಂದೇ ಗೋತ್ರದವರು ಅಣ್ಣ ತಂಗಿ ಎಂದು ಅಪ್ಪ ಅವಳ ಬಾಯಿಂದ ಆ ಒಂದು ಶಬ್ದ ಆಡಿಸಿದರು. ಅವಳು ಆಡಿಯೂಬಿಟ್ಟಳು. ಅವನು ತಲೆ ತಗ್ಗಿಸಿ ಎದ್ದು ಹೋದ.

ಮೌದಾ ಊರಿನ ಶಾಲೆಗೆ ಮೇಷ್ಟರಾಗಿ ಸೇರಿದ ಮೇಲೆ ಒಂದೇ ಪತ್ರ ಬರೆದ. 'ನಿಮ್ಮ ಮನಸ್ಸಿನಾಗ ಏನದ, ಬರೀರಿ.'

ಪತ್ರ ಬಂದ ದಿನವೇ ಉತ್ತರ ಬರೆದಿದ್ದಳು. ಆದರೆ... ಅಣ್ಣ ಎಂದು ಕರೆದವನನ್ನು ಹೀಗೆ ನೆನೆಯುವ ನಾನು ಎಂಥವಳು? ಲಕೋಟೆ ಮೇಜಿನ ಡ್ರಾವರಿನಲ್ಲೇ ಉಳಿಯಿತು.

"ಮ್ಯಾಡಮ್, ಹಾ ಸಾಪ್ ಆಹೆ ನಾ?"

ಬೆಚ್ಚಿ ನೋಡಿದಳು. ಪ್ರವಾಸಕ್ಕೆ ಬಂದ ಶಾಲೆಯ ಹುಡುಗಿ ಒಂದು ಜಾಡಿ ತೋರಿಸಿ, ಇದು ಹಾವಲ್ಲವೇ ಎಂದು ಮರಾಠಿಯಲ್ಲಿ ಕೇಳುತ್ತಿದ್ದಳು.

"ಸಾಪ್ ಅಲ್ಲ, ದೀಪಾಲಿ. ಕಪ್ಪೆ ಬಳಗದ್ದು."

ಬೆನ್ನ ಹಿಂದೆ ವಾದಿರಾಜನ ದನಿ! ಹೇಮಲತಾ ತಿರುಗಿದ ರಭಸಕ್ಕೆ ಫಾರ್ಮಲಿನ್ ಚೆಲ್ಲಿತು. ತನ್ನ ಶಾಲೆಯ ಮಕ್ಕಳನ್ನು ಕರೆತಂದಿದ್ದ ಅವನು ಅವಳನ್ನು ನೋಡಿದ, ಮತ್ತೆ ಜಾಡಿಯತ್ತ ತಿರುಗಿದ.

"ಕಾಲೇ ಇಲ್ಲಲ್ರಿ ಸರ್?" ದೀಪಾಲಿ ಮನೆಯ ಕನ್ನಡಕ್ಕೆ ಇಳಿದಳು.

"ಇದರ ಪೂರ್ವಜರಿಗೆ ಇದ್ದವು. ಮಣ್ಣೊಳಗ ಬದುಕೋದಕ್ಕ ಕಾಲು ಅಡ್ಡಿ. ಗಿಡ್ಡ ಕಾಲಿನವು ಹೆಚ್ಚು ಬದುಕಿ, ಹೆಚ್ಚು ಮರಿ ಹಾಕಿದವು. ಲಕ್ಷಗಟ್ಟಲೆ ಪೀಳಿಗಿ ಆದ ಮ್ಯಾಲೆ ಕಾಲೇ ಇಲ್ಲ."

"ನಮ್ಮಣ್ಣ ದಿನಾ ಕೂತೇ ಇರ್ತಾನ. ಅವನ ಕಾಲೂ ಹೋಗ್ತಾವೇನ್ರಿ?"

"ಕೂತ್ರ ಹೋಗಂಗಿಲ್ಲವ್ವ, ಅವ ಬರೇ ಸೋಮಾರಿ! ಹಾವು ಬ್ಯಾರೆ ದಾರಿಲೆ ಕಾಲು ಕಳಕೊಂಡದ, ಇದು ಬ್ಯಾರೆ ದಾರಿಲೆ. ನೋಡಾಕ ಒಂದೇ ಅದಾವಂತ ಬಳಗ ಒಂದಾಗಂಗಿಲ್ಲ."

ಮಕ್ಕಳು ನಗುತ್ತಾ ಮುಂದೆ ಹೋದರು. ಅವನು ಮೂಲೆಯ ಕಪಾಟಿನ ಹತ್ತಿರ ನಿಂತ.

"ಇದರಾಗ ಯಾವುನ್ನ ಇಡ್ತಿದ್ವಿ, ನೆನಪದ ಏನು?"

"ಕುಲ ಗೊತ್ತಾಗದವನ್ನ..." ಎಂದಳು ಕಪಾಟಿನತ್ತ ನೋಡುತ್ತಾ.

"ನಾನೂ ಇದರಾಗಿನವನ, ಹೇಮಲತಾ. ನಮ್ಮಪ್ಪ ಯಾರಂತ ಅವ್ವ ಯಾರಿಗೂ ಹೇಳಿಲ್ಲ. ಮುಂಜಿವಿ ದಿನ ಭಟ್ಟರು ಗೋತ್ರ ಕೇಳಿದ್ರು. ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಅಂತ ಹೇಳೋದು ರೂಢಿ. ಹಂಗ ನನಗೂ ಹೇಳಿಬಿಟ್ರು."

"ಅಯ್ಯೋ... ಆವತ್ತ ಯಾಕ ಹೇಳಲಿಲ್ಲ?"

"ತುಂಬಿದ ಮನ್ಯಾಗ ಅವ್ವನ ಮಾನ ಕಳೀಲೇನು? ಮೊನ್ನೆ ಆಕೀನ ಅಂದ್ಲು, ಹೋಗಿ ಹೇಳಿ ಬಾ ಅಂತ."

ಹೇಮಲತಾಳ ಕಣ್ಣು ತುಂಬಿದವು. ಸಂದಿನಿಂದ ಅಪ್ಪ ಮತ್ತೆ ಅಂದರು, 'ಅಣ್ಣಾ ಅನ್ನು.'

"ಅನ್ನಂಗಿಲ್ಲಪ್ಪ" ಎಂದಳು ಆ ದನಿಗೆ, ಬಾಯಿಬಿಟ್ಟು. ಡ್ರಾವರು ಎಳೆದು ಲಕೋಟೆ ತೆಗೆದಳು.

ಲಕೋಟೆಯ ಬೆನ್ನಿಗೆ ಬರೆದ ತಾರೀಖನ್ನು ವಾದಿರಾಜ ಎರಡು ಸಲ ಓದಿದ. "ಇದು... ನಾ ಯಾರಂತ ಗೊತ್ತಾಗೋಕಿಂತ ಮೊದಲಿಂದು?"

"ಹೂಂ. ಗೋತ್ರ ಒಂದೇ ಅಂತ ನಂಬಿದ್ದಾಗಿಂದು. ಅದಕ್ಕ ಹೆದರಿ ಇಟ್ಟುಕೊಂಡಿದ್ದೆ."

ಅವನು ಕೈ ಚಾಚಿದ. ಅವಳು ಕೊಡಲಿಲ್ಲ.

"ನಿಮ್ಮ ಪತ್ರಕ್ಕ ಉತ್ತರ ಇದು, ಟಪಾಲಿನಾಗ ಬರ್ತದ. ಅವ್ವನ ಮುಂದ ಕೂತು ಓದ್ರಿ."

"ಇನ್ನೂ ಎರಡು ದಿನ ಕಾಯಿಸ್ತೀರೇನು?"

"ಕಾಯ್ರಿ. ನಾ ಎಲ್ಲೂ ಹೋಗಂಗಿಲ್ಲ."

ಇಬ್ಬರೂ ಗೇಟಿನ ತನಕ ನಡೆದರು. ಹೇಮಲತಾ ಅಂಚೆಚೀಟಿ ಹಚ್ಚಿ, ಕೆಂಪು ಡಬ್ಬಿಯ ಬಾಯಲ್ಲಿ ಲಕೋಟೆ ಇಟ್ಟು, ಬೆರಳು ಸಡಿಲಿಸಿದಳು.