ತಟ್ಟಿದರೆ ಉತ್ತರ ಕೊಡಬೇಕು

ಪನಾಮಾ ಕಾಲುವೆಯಲ್ಲಿ ಹಡಗುಗಳನ್ನು ಏರಿಸಿ ಇಳಿಸುವ ಲಾಕ್‌ಗಳ ಕಬ್ಬಿಣದ ಬಾಗಿಲು ಒಳಗೆ ಟೊಳ್ಳು. ತುಕ್ಕು ಕೆರೆಯಲು ನಾವು ಅದರೊಳಗೆ ಇಳಿಯುತ್ತೇವೆ. ಒಳಗಿದ್ದವನು ಆಗಾಗ ಮೂರು ಸಲ ತಟ್ಟುತ್ತಾನೆ, ಮೇಲಿದ್ದವನು ಎರಡು ಸಲ ತಟ್ಟಿ ಉತ್ತರಿಸಬೇಕು. ಸುಮ್ಮನಿದ್ದರೆ ಒಳಗಿದ್ದವನ ಜೀವ ಹೋದಂತಾಗುತ್ತದೆ.

ಆ ಮಧ್ಯಾಹ್ನ ಕೆಲಸ ಮುಗಿಸಿ, ನಾವು ಇಳಿಯುವ ಕಂಡಿಯ ಮುಚ್ಚಳದ ಬೋಲ್ಟು ಬಿಗಿದಿದ್ದೆ. ಒಳಗಿನಿಂದ ಮೂರು ಸಲ ತಟ್ಟಿದ ಸದ್ದು ಬಂತು. ನನ್ನ ಕೈ ರೂಢಿಯಂತೆ ಉತ್ತರ ಕೊಟ್ಟೇಬಿಟ್ಟಿತು. ಆಮೇಲೆ ಸುತ್ತ ನೋಡಿದೆ, ಯಾರೂ ಕಾಣಲಿಲ್ಲ. ಜೊತೆಗಾರ ಅನ್ಸೆಲ್ಮೊನನ್ನು ಒಳಗೇ ಬಿಟ್ಟು ಮುಚ್ಚಿದೆನೇ? ಸುತ್ತಲಿನ ಕಬ್ಬಿಣ ಬಿಸಿಲಿಗೆ ಕಾಲು ಸುಡುತ್ತಿತ್ತು, ಮುಚ್ಚಳ ಮಾತ್ರ ಮಂಜುಗಡ್ಡೆಯಂತೆ ತಣ್ಣಗಿತ್ತು. ಬೋಲ್ಟು ಬಿಚ್ಚಲು ಸ್ಪ್ಯಾನರ್ ಎತ್ತಿಕೊಂಡೆ.

"ಈಗಷ್ಟೇ ಬಿಗಿದೆಯಲ್ಲೋ ಬಾಲ್ಬಿನೊ, ಬಿಸಿಲು ತಲೆಗೇರ್ತಾ?"

ಹಿಂದೆ ಅನ್ಸೆಲ್ಮೊ ನಿಂತಿದ್ದ. ಕೈಯಲ್ಲಿ ನಮ್ಮಿಬ್ಬರ ಊಟ, ಅನ್ನ ಮತ್ತು ಹುರಿದ ಬಾಳೆಕಾಯಿ.

ಒಳಗಿನಿಂದ ಮತ್ತೆ ಮೂರು ಸಲ ತಟ್ಟಿದ ಸದ್ದು ಬಂತು. ಅನ್ಸೆಲ್ಮೊನ ನಗು ಆರಿತು. ಅವನ ಕೈಯೂ ತಾನಾಗಿ ಮುಚ್ಚಳದ ಕಡೆ ಹೋಯಿತು. ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಬೇಡ ಕಣೋ. ಆಗಲೇ ನಾನು ಉತ್ತರ ಕೊಟ್ಟಿದ್ದೇ ಸಾಕು."

ಇಬ್ಬರೂ ಮುಚ್ಚಳಕ್ಕೆ ಕಿವಿಯಿಟ್ಟು ಕುಳಿತೆವು.

ನಾವು ತಟ್ಟಲಿಲ್ಲ, ಆದರೂ ಎರಡು ಸಲ ತಟ್ಟಿ ಉತ್ತರ ಬಂತು. ಅದೇ ಬಾಗಿಲಿನೊಳಗಿಂದ, ಇನ್ನೂ ಕೆಳಗಿನಿಂದ.