ಇರುವೆ ಮುತ್ತಿದ ಪೊಟ್ಟಣ

ಮಂಗಳವಾರ ಬೆಳಿಗ್ಗೆ 11.20ಕ್ಕೆ ಸೂಲಗಿತ್ತಿಯ ಮಗಳು ಏದುಸಿರು ಬಿಡುತ್ತಾ ಠಾಣೆಗೆ ಬಂದಳು. ಕಾಡಿನೊಳಗಿನ ಅವರ ಕೇರಿಯಲ್ಲಿ ಒಂದು ಮಗು ಸತ್ತಿತ್ತು. ಮಾಟ ಮಾಡಿದವರು ಯಾರೆಂದು ತಿಳಿಯಲು ಅಂದು ಸಂಜೆ ಮನೆಗೊಂದು ಎಲೆಯ ಪೊಟ್ಟಣದಲ್ಲಿ ಅಕ್ಕಿ ಕಟ್ಟಿ ಇರುವೆ ಗೂಡಿನ ಬಳಿ ಇಡುವವರಿದ್ದರು. ಹೊತ್ತು ಹುಟ್ಟುವಷ್ಟರಲ್ಲಿ ಯಾರ ಪೊಟ್ಟಣಕ್ಕೆ ಇರುವೆ ಮುತ್ತಿರುತ್ತದೋ ಅವರೇ ಮಾಟಗಾರರು.

"ಎಲ್ಲರ ಕಣ್ಣೂ ನಮ್ಮವ್ವನ ಮೇಲೇ ಸಾರ್. ಈಗ್ಲೇ ಬನ್ನಿ."

"ಇರುವೆ ಮೇಲೆ ಕೇಸ್ ಹಾಕ್ಲಾ?" ಇನ್‌ಸ್ಪೆಕ್ಟರ್ ನಕ್ಕರು. "ನಾಳೆ ನೋಡೋಣ, ಹೋಗಮ್ಮಾ."

ಬುಧವಾರ 8.10ಕ್ಕೆ ಜೀಪು ಕೇರಿ ಹೊಕ್ಕಾಗ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸೂಲಗಿತ್ತಿ ತನ್ನದೇ ಹೊಸ್ತಿಲ ಮೇಲೆ ಹೆಣವಾಗಿದ್ದಳು. ತಲೆಗೆ ಕೊಡಲಿ ಏಟು. ಪಕ್ಕದಲ್ಲಿ ಮಗಳು ಅಳದೆ, ಇನ್‌ಸ್ಪೆಕ್ಟರ್ ಮುಖವನ್ನೇ ನೋಡುತ್ತಾ ಕೂತಿದ್ದಳು.

ಎಫ್‌ಐಆರ್ ಆಯಿತು. ವಿಚಾರಿಸಿದರೆ ಕೇರಿಯವರೆಲ್ಲರದೂ ಒಂದೇ ರಾಗ: "ಇರುವೆ ಹೇಳ್ತು ಸಾರ್, ನಾವೇನ್ ಮಾಡೋಕಾಗುತ್ತೆ?" ಹೊಡೆದವರು ಯಾರೆಂದರೆ ಮಾತ್ರ ಬಾಯಿಗೆ ಬೀಗ.

10.30ಕ್ಕೆ ಇರುವೆ ಗೂಡಿನ ಬಳಿ ಪಂಚನಾಮೆ. ಹನ್ನೊಂದು ಪೊಟ್ಟಣಗಳಲ್ಲಿ ಹತ್ತು ಇಟ್ಟಂತೆಯೇ ಇದ್ದವು. ಗುರುತಿಗೆಂದು ಸೂಲಗಿತ್ತಿಯ ಸೀರೆಯಿಂದ ಎಳೆದ ಹಸಿರು ದಾರ ಕಟ್ಟಿದ್ದೊಂದಕ್ಕೆ ಮಾತ್ರ ಇರುವೆ ಕಪ್ಪಗೆ ಮುತ್ತಿತ್ತು. ಮಹಿಳಾ ಕಾನ್‌ಸ್ಟೆಬಲ್ ಅದನ್ನು ಕೊಡವಿ, ಎಲೆಯನ್ನು ಮೂಗಿಗೆ ಹಿಡಿದಳು.

"ಸಾರ್, ಇದಕ್ಕೆ ಜೇನು ಸವರಿದ್ದಾರೆ!"

"ಇಲ್ಲಿ ಕಾವಲಿಗೆ ಯಾರಿದ್ರು?" ಇನ್‌ಸ್ಪೆಕ್ಟರ್ ಕೇಳಿದರು.

"ಜೇನು ಕೀಳೋನು ಸಾರ್. ಮಗೂನ ಕಳ್ಕೊಂಡೋನೇ ಕಾಯ್ಬೇಕು, ಅದು ನಮ್ಮ ಕಟ್ಟಳೆ," ಎಂದ ಕೇರಿಯ ಹಿರಿಯ, ಹೇಳಿದ ಮೇಲೆ ತಾನೇ ಬೆಚ್ಚಿದ.

ಜೇನು ಕೀಳುವವನು ಗುಡಿಸಲ ಹಿಂದೆ ಕೂತಿದ್ದ. ಪಕ್ಕದಲ್ಲಿದ್ದ ಕೊಡಲಿಯನ್ನು ತೊಳೆದೂ ಇರಲಿಲ್ಲ.

"ಇರುವೆ ಹೇಳ್ಬೇಕಿತ್ತಲ್ಲ, ನೀನ್ಯಾಕೋ ಹೇಳಿಕೊಟ್ಟೆ?"

"ಕಣ್ಣಲ್ಲಿ ಕಣ್ಣಿಟ್ಟು ಕಾದೆ ಸಾರ್. ಇರುವೆ ಯಾರ ಪೊಟ್ಟಣಾನೂ ಮುಟ್ಲಿಲ್ಲ."

"ಹಾಗಾದ್ರೆ ಮಾಟ ಯಾರೂ ಮಾಡಿಲ್ಲ ಅಂತ ತಾನೇ ಅರ್ಥ?"

12.05ಕ್ಕೆ ಅವನ ಬಂಧನವಾಯಿತು.

ಠಾಣೆಯಲ್ಲಿ ಅವನ ಹೇಳಿಕೆಯನ್ನು ಇನ್‌ಸ್ಪೆಕ್ಟರ್ ಖುದ್ದಾಗಿ ಬರೆದುಕೊಂಡರು. ಮಗುವಿಗೆ ಜ್ವರ ಏರಿದ ದಿನ, ಆಸ್ಪತ್ರೆಗೆ ಎತ್ತಿಕೊಂಡು ಹೋಗೆಂದು ಸೂಲಗಿತ್ತಿ ಮೂರು ಸಲ ಬಂದು ಅಂಗಲಾಚಿದ್ದಳಂತೆ.

"ನಾಳೆ ನೋಡೋಣ ಅಂದೆ ಸಾರ್. ಮಾಟ ಯಾರದ್ದೂ ಅಲ್ಲ ಅಂದ್ರೆ, ಮಗೂನ ಕೊಂದೋನು ನಾನೇ ಆಗ್ತೀನಲ್ಲ?"

'ನಾಳೆ' ಎಂಬಲ್ಲಿ ಪೆನ್ನು ನಿಂತಿತು. ಸೂಲಗಿತ್ತಿಯ ಮಗಳು ಬಾಗಿಲಲ್ಲೇ ಇದ್ದಳು. ಇನ್‌ಸ್ಪೆಕ್ಟರಿಗೆ ತಲೆ ಎತ್ತಲಾಗಲಿಲ್ಲ.